ಗಾಳಿಯಲ್ಲಿ ಹೇಳಿದ ಹೆಸರು ನಿಮ್ಮದೇ ಅಂತ ನಂಬೋದು ಹೇಗೆ?

ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಗೆ ಬರುವ ಯಾವ ಕಾಗದವೂ ಗರಿಗರಿಯಾಗಿ ಬರುವುದಿಲ್ಲ. ಕಳೆದ ಜುಲೈಯಲ್ಲಿ ಬಂದ ಕ್ಯೂಎಸ್ಎಲ್ ಕಾರ್ಡುಗಳ ಕಟ್ಟೂ ಹಾಗೇ ಇತ್ತು. ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಊಟದ ಮೇಜಿನ ಮೇಲೆ ಫ್ಯಾನ್ ಕೆಳಗೆ ಹರಡಿ, ಒಂದೊಂದನ್ನೇ ಮೆಲ್ಲ ಬಿಡಿಸಿದೆ. ಹ್ಯಾಮ್ ರೇಡಿಯೊದಲ್ಲಿ, ಅಂದರೆ ಸರಕಾರದ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊದಲ್ಲಿ, ಇಬ್ಬರು ಮಾತಾಡಿದ ಮೇಲೆ "ಹೌದು, ನಿಮ್ಮ ಜೊತೆ ಮಾತಾಡಿದ್ದು ನಿಜ" ಅಂತ ಒಬ್ಬರಿಗೊಬ್ಬರು ಕಳುಹಿಸುವ ಪೋಸ್ಟ್‌ಕಾರ್ಡು ಅದು.

ಅದರಲ್ಲಿ ಒಂದು ಇಟಲಿಯಿಂದ ಬಂದಿತ್ತು. ಜನವರಿಯ ಒಂದು ತಾರೀಕು, 14 ಮೆಗಾಹರ್ಟ್ಸ್, ಮೋರ್ಸ್ ಕೋಡ್ (ಚುಕ್ಕಿ-ಗೆರೆಗಳ ಸದ್ದಿನಲ್ಲಿ ಅಕ್ಷರ ಕಳುಹಿಸುವ ರೀತಿ), ಎದುರಿಗೆ ನನ್ನದೇ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸರಕಾರ ಕೊಟ್ಟ ಅಕ್ಷರ-ಅಂಕಿಗಳ ಗುರುತು. ನನ್ನ ಲಾಗ್ ಪುಸ್ತಕ ತೆಗೆದು ನೋಡಿದೆ. ಆ ದಿನ ಒಂದು ಸಾಲೂ ಇಲ್ಲ. ಇರುವುದಾದರೂ ಹೇಗೆ? ಆ ದಿನ ನಾವೆಲ್ಲ ಕುಂದಾಪುರದಲ್ಲಿ ಮದುವೆಗೆ ಹೋಗಿದ್ದೆವು. ರೇಡಿಯೊದ ಪ್ಲಗ್ಗನ್ನೇ ಕಳಚಿಟ್ಟಿದ್ದೆ.

ಹಾಗಾದರೆ ಆ ಇಟಲಿಯವರ ಜೊತೆ ಮಾತಾಡಿದ್ದು ಯಾರು? ಎರಡು ಸಾಧ್ಯತೆ ಇತ್ತು. ಯಾರೋ ನನ್ನ ಕಾಲ್‌ಸೈನ್ ಕದ್ದು ಬಳಸಿರಬಹುದು. ನಮ್ಮವರು ಇಂಥವರನ್ನು 'ಪೈರೇಟ್' ಅನ್ನುತ್ತಾರೆ. ಇಲ್ಲವೇ ಅವರಿಗೆ ಒಂದು ಅಕ್ಷರ ತಪ್ಪಾಗಿ ಕೇಳಿರಬಹುದು. ಮೋರ್ಸ್‌ನಲ್ಲಿ 'ಎಸ್' ಅಂದರೆ ಮೂರು ಚುಕ್ಕಿ, 'ಎಚ್' ಅಂದರೆ ನಾಲ್ಕು ಚುಕ್ಕಿ. ಗದ್ದಲದ ನಡುವೆ ಒಂದು ಚುಕ್ಕಿ ಆಚೀಚೆ ಆದರೆ ಸಾಕು, ಮನುಷ್ಯನೇ ಬದಲಾಗಿಬಿಡುತ್ತಾನೆ.

ಆ ಕಾರ್ಡು ನನ್ನನ್ನು ತುಂಬಾ ದಿನ ಕಾಡಿತು. ಹ್ಯಾಮ್ ರೇಡಿಯೊಗೆ ಹೊಸದಾಗಿ ಬರುವ ಹುಡುಗರು ಕೇಳುವ ಪ್ರಶ್ನೆಯೂ ಇದೇ. "ಲೈಸೆನ್ಸ್ ಸಿಕ್ಕಿತು. ಆದರೆ ನಾನು ನಾನೇ ಅಂತ ಎಷ್ಟು ಸಲ, ಎಷ್ಟು ಜನರಿಗೆ ತೋರಿಸಬೇಕು? ಯಾಕೆ?" ಸರಕಾರಕ್ಕೆ ಒಮ್ಮೆ, ಗಾಳಿಯಲ್ಲಿ ದಿನಾ, ಇಂಟರ್‌ನೆಟ್ಟಿನಲ್ಲಿ ಮತ್ತೊಮ್ಮೆ. ಈ ಮೂರೂ ಒಂದೇ ಸರಪಳಿಯ ಕೊಂಡಿಗಳು ಅಂತ ಗೊತ್ತಾದರೆ ಗೊಂದಲ ಕಡಿಮೆಯಾಗುತ್ತದೆ.

ಮೊದಲು, ಯಾವುದು ಹ್ಯಾಮ್ ಅಲ್ಲ

ಮಲ್ಪೆ ಬಂದರಿನಲ್ಲಿ ನಿಂತರೆ ಬೋಟುಗಳ ವೈರ್‌ಲೆಸ್ ಸದ್ದು ಕಿವಿಗೆ ಬೀಳುತ್ತದೆ. ಅದು ಸಮುದ್ರದ ವಿಎಚ್ಎಫ್, ಅಂದರೆ ಹಡಗು-ಬೋಟುಗಳಿಗೆ ಇರುವ ರೇಡಿಯೊ. ಅಲ್ಲಿ 16ನೇ ಚಾನೆಲ್ಲು, ಅಂದರೆ 156.8 ಮೆಗಾಹರ್ಟ್ಸ್, ಅಪಾಯದ ಕರೆಗೆ ಮತ್ತು ಮೊದಲ ಕರೆಗೆ ಮೀಸಲು. ಅದರ ನಿಯಮ, ಅನುಮತಿ ಎಲ್ಲ ಬೇರೆ. ಮದುವೆ ಹಾಲಿನಲ್ಲಿ, ಕಾರ್ಯಕ್ರಮಗಳಲ್ಲಿ ಸ್ವಯಂಸೇವಕರು ಹಿಡಿದುಕೊಂಡು ಓಡಾಡುವ ವಾಕಿಟಾಕಿಯೂ ಹ್ಯಾಮ್ ಅಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಸಣ್ಣ ಶಕ್ತಿಯ ಸೆಟ್ಟುಗಳಿಗೆ 2018ರಿಂದ ಲೈಸೆನ್ಸಿನ ವಿನಾಯಿತಿ ಇದೆ. ಆದರೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಲ್ಲ ಸೆಟ್ಟೂ ಅಷ್ಟರೊಳಗೆ ನಿಲ್ಲುವುದಿಲ್ಲ. ಎಷ್ಟೋ ಸೆಟ್ಟುಗಳು ಹ್ಯಾಮ್‌ಗಳ 144–146 ಮೆಗಾಹರ್ಟ್ಸಿಗೂ ಬರುತ್ತವೆ, ಪೊಲೀಸರ ಚಾನೆಲ್ಲಿಗೂ ಹೋಗುತ್ತವೆ. ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಸೆಟ್ಟು ಕೈಯಲ್ಲಿದ್ದ ಮಾತ್ರಕ್ಕೆ ಯಾರೂ ಹ್ಯಾಮ್ ಆಗುವುದಿಲ್ಲ.

ಸರಕಾರದ ಮುಂದೆ

ಹ್ಯಾಮ್ ಆಗಲು ಪರೀಕ್ಷೆ ಪಾಸಾಗಬೇಕು. ನಡೆಸುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ, ಅಂದರೆ ರೇಡಿಯೊ ಫ್ರೀಕ್ವೆನ್ಸಿಗಳನ್ನು ನೋಡಿಕೊಳ್ಳುವ ವಿಭಾಗ. ಅರ್ಜಿ 'ಸರಳ ಸಂಚಾರ್' ಪೋರ್ಟಲಿನಲ್ಲಿ. ಡಬ್ಲ್ಯುಪಿಸಿ ಕಡೆಯ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ಗಳಲ್ಲಿ ಒಂದು ಮಂಗಳೂರಿನಲ್ಲೇ ಇದೆ. ಯಾವ ಫ್ರೀಕ್ವೆನ್ಸಿಯಲ್ಲಿ ಯಾರು ಮಾತಾಡುತ್ತಿದ್ದಾರೆ, ಎಲ್ಲಿಂದ ಅಡ್ಡಿ ಬರುತ್ತಿದೆ ಅಂತ ಕೇಳಿ ಗಮನಿಸುವುದು ಇಂಥ ಸ್ಟೇಷನ್‌ಗಳ ಕೆಲಸ.

12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಎರಡು ದರ್ಜೆ ಇದೆ, ರಿಸ್ಟ್ರಿಕ್ಟೆಡ್ ಮತ್ತು ಜನರಲ್. ಎರಡರಲ್ಲೂ ಪ್ರಶ್ನೆಗಳು ಎರಡು ಭಾಗ. ಒಂದು ರೇಡಿಯೊ ಹೇಗೆ ಕೆಲಸ ಮಾಡುತ್ತದೆ ಅನ್ನುವುದು: ಓಮ್‌ನ ನಿಯಮ, ಕೆಪಾಸಿಟರ್, ಆಂಟೆನಾ ಇತ್ಯಾದಿ. ಇನ್ನೊಂದು ಕಾನೂನು. ರಿಸ್ಟ್ರಿಕ್ಟೆಡ್‌ಗೆ ಪ್ರತಿ ಭಾಗದಲ್ಲಿ ಶೇಕಡ 40, ಒಟ್ಟಿನಲ್ಲಿ ಶೇಕಡ 50 ಬಂದರೆ ಪಾಸು. ಜನರಲ್‌ಗೆ ಅದಕ್ಕಿಂತ ಜಾಸ್ತಿ ಅಂಕ ಬೇಕು, ಜೊತೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕೇಳಿ ಬರೆಯಬೇಕು, ಕಳುಹಿಸಬೇಕು. ರಿಸ್ಟ್ರಿಕ್ಟೆಡ್‌ನವರ ಕಾಲ್‌ಸೈನ್ ವಿಯು3 ಅಂತ ಶುರುವಾಗುತ್ತದೆ, ಜನರಲ್‌ನವರದು ವಿಯು2. ಹಾಗಾಗಿ ಕಾಲ್‌ಸೈನ್ ಕೇಳಿದ ಕೂಡಲೇ ಎದುರಿನವರು ಯಾವ ದೇಶದವರು, ಯಾವ ದರ್ಜೆಯವರು ಎರಡೂ ಗೊತ್ತಾಗುತ್ತದೆ.

ಪರೀಕ್ಷೆ ಪಾಸಾದದ್ದು ಒಂದು ಸರ್ಟಿಫಿಕೇಟು, ಸ್ಟೇಷನ್ ಇಟ್ಟುಕೊಳ್ಳುವ ಲೈಸೆನ್ಸ್ ಇನ್ನೊಂದು. ಹೊಸಬರು ಎಡವುವುದು ಇಲ್ಲೇ. ಸರ್ಟಿಫಿಕೇಟು "ಇವರಿಗೆ ಗೊತ್ತು" ಅನ್ನುತ್ತದೆ. ಲೈಸೆನ್ಸ್ "ಇವರು ಈ ವಿಳಾಸದಲ್ಲಿ ಮಾಡಬಹುದು" ಅನ್ನುತ್ತದೆ. ಡ್ರೈವಿಂಗ್ ಟೆಸ್ಟ್ ಪಾಸಾದ ದಿನವೇ ಲೈಸೆನ್ಸ್ ಕೈಗೆ ಬಾರದೆ ಗಾಡಿ ಓಡಿಸುವ ಹಾಗಿಲ್ಲ, ಅಲ್ವಾ? ಹಾಗೇ ಇದು. ಕಾಲ್‌ಸೈನ್ ಬರುವ ತನಕ ಕೇಳಬಹುದು, ಮಾತಾಡುವ ಹಾಗಿಲ್ಲ. ಕಾಯುವ ಕಾಲ ಕಷ್ಟದ್ದೇ. ನನಗೂ ಕಷ್ಟವಾಗಿತ್ತು. ಆದರೆ ಆ ತಿಂಗಳುಗಳಲ್ಲಿ ದಿನಾ ಸಂಜೆ ಸುಮ್ನೆ ಕೂತು ಕೇಳಿದ್ದರಿಂದಲೇ ಮಾತಾಡುವ ಕ್ರಮ ಕಲಿತೆ.

ಇನ್ನು ಹೆಸರಿನ ವಿಷಯ. ನಮ್ಮ ಕರಾವಳಿಯವರಿಗೆ ಇದು ದೊಡ್ಡ ತಲೆನೋವು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಕೆ. ಗಣೇಶ' ಅಂತ ಇರುತ್ತದೆ. ಆ 'ಕೆ' ತಂದೆಯ ಹೆಸರೂ ಆಗಿರಬಹುದು, ಊರಿನ ಹೆಸರೂ ಆಗಿರಬಹುದು. ಆಧಾರ್‌ನಲ್ಲಿ ಅದೇ ಮನುಷ್ಯ 'ಗಣೇಶ್ ಪೂಜಾರಿ'. ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ. ಊರಲ್ಲಿ ಎಲ್ಲರಿಗೂ ಗೊತ್ತು ಮೂರೂ ಒಬ್ಬರೇ ಅಂತ. ಆದರೆ ಫೈಲು ನೋಡುವವರಿಗೆ ಗೊತ್ತಿಲ್ಲ. ಪರೀಕ್ಷೆಯ ಅರ್ಜಿಯಲ್ಲಿ ಬರೆದ ಹೆಸರೇ ಸರ್ಟಿಫಿಕೇಟಿಗೆ ಹೋಗುತ್ತದೆ, ಸರ್ಟಿಫಿಕೇಟಿನ ಹೆಸರೇ ಲೈಸೆನ್ಸಿಗೆ. ಮುಂದೆ ವಿದೇಶದ ಸಂಸ್ಥೆಗೆ ಗುರುತು ತೋರಿಸಬೇಕಾದಾಗಲೂ ಅದೇ ಹೆಸರು. ಹಾಗಾಗಿ ಮೊದಲ ಅರ್ಜಿ ತುಂಬುವ ಮೊದಲೇ ಒಂದು ಸಂಜೆ ಕೂತು ನಿಮ್ಮ ಎಲ್ಲ ದಾಖಲೆ ಮೇಜಿನ ಮೇಲೆ ಹರಡಿ. ಯಾವ ಹೆಸರು ಜಾಸ್ತಿ ಕಡೆ ಒಂದೇ ತರ ಇದೆ ನೋಡಿ. ಉಳಿದದ್ದನ್ನು ಮೊದಲು ತಿದ್ದಿಸಿ, ಆಮೇಲೆ ಅರ್ಜಿ ಹಾಕಿ.

ವಿಳಾಸವೂ ಅಷ್ಟೇ. ಹ್ಯಾಮ್ ಲೈಸೆನ್ಸಿನಲ್ಲಿ ಸ್ಟೇಷನ್ ಎಲ್ಲಿದೆ ಅನ್ನುವುದೂ ಇರುತ್ತದೆ. ಮಣಿಪಾಲದಲ್ಲಿ ಓದುವಾಗ ಹಾಸ್ಟೆಲ್ ವಿಳಾಸ ಕೊಟ್ಟು, ಆಮೇಲೆ ಊರಿಗೆ ಹೋಗಿ ಆಂಟೆನಾ ಕಟ್ಟಿದರೆ ಕಾಗದ ಒಂದು ಹೇಳುತ್ತದೆ, ಮನೆಯ ಮಾಡು ಇನ್ನೊಂದು ಹೇಳುತ್ತದೆ. ಮನೆ ಬದಲಾದರೆ ಲೈಸೆನ್ಸಿನಲ್ಲೂ ಬದಲಾಯಿಸಿಕೊಳ್ಳಿ. ಲೈಸೆನ್ಸನ್ನು 20 ವರ್ಷಕ್ಕೆ ಅಥವಾ ಜೀವಮಾನಕ್ಕೆ ಅಂತ ಕೊಡುವ ಕ್ರಮ ಇರುವುದರಿಂದ ವಿಳಾಸ ಹಳೆಯದಾಗುವುದು ಸಹಜ, ಮರೆಯುವುದೂ ಸುಲಭ.

ಕಾನೂನಿನ ಬಗ್ಗೆ ಒಂದೇ ಮಾತು. ಈ ಹವ್ಯಾಸ ಇಷ್ಟು ದಿನ ನಡೆದು ಬಂದದ್ದು 1978ರ ಅಮೆಚೂರ್ ಸೇವಾ ನಿಯಮಗಳ ಮೇಲೆ. ಅದರ ಹಿಂದೆ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆ ಇದ್ದವು. ಈಗ ಆ ಹಳೆಯ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಹಾಗಾಗಿ ಶುಲ್ಕ, ಅರ್ಜಿ ನಮೂನೆ ಇಂಥದ್ದನ್ನೆಲ್ಲ ಯಾರೋ ಹೇಳಿದ್ದು ಕೇಳಬೇಡಿ. ಅರ್ಜಿ ಹಾಕುವ ದಿನ ಪೋರ್ಟಲಿನಲ್ಲೇ ನೋಡಿ.

ಗಾಳಿಯಲ್ಲಿ

ಲೈಸೆನ್ಸ್ ಮನೆಯ ಗೋಡೆಯ ಮೇಲಿರುತ್ತದೆ. ರೇಡಿಯೊದ ಆ ಬದಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಅವರಿಗೆ ಸಿಗುವುದು ನಿಮ್ಮ ಬಾಯಿಂದ ಬಂದ ಕಾಲ್‌ಸೈನ್ ಮಾತ್ರ. "ವಿಕ್ಟರ್ ಯುನಿಫಾರ್ಮ್ ಥ್ರೀ" (ಅಂದರೆ ವಿ, ಯು, 3) ಅಂತ ಶುರುಮಾಡಿ ನಿಮ್ಮ ಅಕ್ಷರಗಳನ್ನು ಬಿಡಿಸಿ ಹೇಳುತ್ತೀರಿ. ಆಮೇಲೆ ಕನ್ನಡವೋ ತುಳುವೋ ಕೊಂಕಣಿಯೋ, ಮಾತು ಮುಂದುವರಿಯುತ್ತದೆ. ಮಾತು ಶುರುವಾಗುವಾಗ ಮತ್ತು ಮುಗಿಯುವಾಗ ಕಾಲ್‌ಸೈನ್ ಹೇಳಬೇಕು. ಮಾತು ಉದ್ದವಾದರೆ ಹತ್ತು ನಿಮಿಷಕ್ಕೊಮ್ಮೆಯಾದರೂ ಹೇಳಬೇಕು.

"ಅದನ್ನು ಯಾರು ಬೇಕಾದರೂ ಹೇಳಬಹುದಲ್ಲ? ಪಾಸ್‌ವರ್ಡ್ ಇಟ್ಟರೆ ಆಗೋದಿಲ್ಲವಾ?" ನಮ್ಮ ಪಕ್ಕದ ಮನೆಯ ಹುಡುಗ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ಆದರೆ ರೇಡಿಯೊ ಅಂದರೆ ತೆರೆದ ಅಂಗಳ. ನೀವು ಹೇಳಿದ್ದು ನಿಮ್ಮ ಗೆಳೆಯನಿಗೆ ಮಾತ್ರ ಅಲ್ಲ, ಆ ಫ್ರೀಕ್ವೆನ್ಸಿ ಕೇಳುತ್ತಿರುವ ಎಲ್ಲರಿಗೂ ಕೇಳುತ್ತದೆ. ಒಮ್ಮೆ ಹೇಳಿದ ಪಾಸ್‌ವರ್ಡ್ ಆಗಲೇ ಎಲ್ಲರದ್ದಾಯಿತು. ಮಾತನ್ನು ಗುಪ್ತ ಸಂಕೇತದಲ್ಲಿ ಮುಚ್ಚಿ ಕಳುಹಿಸೋಣ ಅಂದರೆ, ಹ್ಯಾಮ್‌ಗಳಿಗೆ ಅದಕ್ಕೆ ಅವಕಾಶವೇ ಇಲ್ಲ. ಎಲ್ಲ ಮಾತೂ ಯಾರಿಗೂ ಅರ್ಥವಾಗುವ ಹಾಗೇ ಇರಬೇಕು. ನನಗೆ ಈ ನಿಯಮ ತುಂಬಾ ಇಷ್ಟ. ಗುಟ್ಟು ಬೇಕಾದವರಿಗೆ ಫೋನು ಇದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಹಾಗೆ ಮಾತಾಡುವುದರಿಂದಲೇ ಎಲ್ಲರೂ ಕಾವಲುಗಾರರು.

ದಿನಾ ಸಂಜೆ ಮಾತಾಡುವವರ ದನಿ ಗುರುತಿಗೆ ಬರುತ್ತದೆ. ಮೋರ್ಸ್ ಕಳುಹಿಸುವವರ ಕೈಗೂ ಒಂದು ಲಯ ಇರುತ್ತದೆ, ಕೇಳಿ ಅಭ್ಯಾಸ ಇದ್ದವರಿಗೆ ಅದು ಗೊತ್ತಾಗುತ್ತದೆ. ಯಾರದೋ ಕಾಲ್‌ಸೈನಿನಲ್ಲಿ ಬೇರೆ ದನಿ ಬಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದರ ಮೇಲೆ ಲಾಗ್ ಪುಸ್ತಕ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ, ಯಾರ ಜೊತೆ ಅಂತ ಸಾಲಾಗಿ ಬರೆದಿಡುವುದು. ಕೆಲವರಿಗೆ ಇದು ಬೇಸರದ ಕೆಲಸ. ಆದರೆ ಆ ಇಟಲಿಯ ಕಾರ್ಡಿಗೆ ನಾನು ಧೈರ್ಯವಾಗಿ "ಇದು ನಾನಲ್ಲ" ಅಂತ ಉತ್ತರ ಬರೆದದ್ದು ಲಾಗ್ ಪುಸ್ತಕದ ಖಾಲಿ ಜಾಗ ನೋಡಿಯೇ. ದಿನಾ ಬರೆಯುವವರ ಪುಸ್ತಕದಲ್ಲಿ ಮಾತ್ರ ಖಾಲಿ ಜಾಗಕ್ಕೂ ಬೆಲೆ ಇರುತ್ತದೆ.

ಗುರುತು ಯಾಕೆ ಇಷ್ಟು ಮುಖ್ಯ ಅಂತ ಅರ್ಥವಾಗುವುದು ಆಪತ್ತಿನಲ್ಲಿ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅನ್ನುವ ಹ್ಯಾಮ್ ಒಬ್ಬರ ತಂಡ ಸರಕಾರದ ಅನುಮತಿ ಪಡೆದು ಅಂಡಮಾನ್‌ಗೆ ಹೋಗಿ, ಆ ದ್ವೀಪಗಳಿಗೆ ಇರುವ ವಿಯು4 ಕಾಲ್‌ಸೈನಿನಲ್ಲಿ ಸ್ಟೇಷನ್ ನಡೆಸುತ್ತಿತ್ತು. ಅಲ್ಲಿ ಎಷ್ಟೋ ವರ್ಷ ಹ್ಯಾಮ್ ಸ್ಟೇಷನ್ನೇ ಇರಲಿಲ್ಲ. ಡಿಸೆಂಬರ್ 26ರಂದು ಸುನಾಮಿ ಬಂತು. ಫೋನು ನಿಂತುಹೋದಾಗ ದ್ವೀಪದ ಸುದ್ದಿ ಈ ಹ್ಯಾಮ್‌ಗಳ ಮೂಲಕ ಹೊರಗೆ ಬಂತು. ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಅನ್ನುವಂಥ ಸುದ್ದಿಯನ್ನು ಹೆಸರಿಲ್ಲದ ದನಿಯಿಂದ ಕೇಳಿದರೆ ಯಾರೂ ಹೆಜ್ಜೆ ಇಡುವುದಿಲ್ಲ. ಆ ದನಿಗೆ ಒಂದು ಕಾಲ್‌ಸೈನ್ ಇತ್ತು, ಅದರ ಹಿಂದೆ ಒಂದು ಅನುಮತಿ ಪತ್ರ ಇತ್ತು.

ಇಂಟರ್‌ನೆಟ್ಟಿನಲ್ಲಿ

ಈಗಿನ ಹ್ಯಾಮ್‌ಗಳು ಇಂಟರ್‌ನೆಟ್ಟನ್ನೂ ಬಳಸುತ್ತಾರೆ. ಎಕೋಲಿಂಕ್ ಅಂತ ಒಂದು ಆ್ಯಪ್ ಇದೆ, 2002ರಿಂದ ನಡೆಯುತ್ತಿದೆ. ನೀವು ಮಂಗಳೂರಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಮಾತಾಡಿದರೆ ಅದು ಇಂಟರ್‌ನೆಟ್ ಮೂಲಕ ಹೋಗಿ ಬೇರೆ ದೇಶದ ರಿಪೀಟರ್‌ನಿಂದ (ಮಾತನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ರೇಡಿಯೊ ಅಲೆಯಾಗಿ ಹೊರಗೆ ಬರಬಹುದು. ಫೋನಿಗೆ ಹ್ಯಾಮ್ ಲೈಸೆನ್ಸ್ ಬೇಡ, ಆದರೆ ಆ ಅಲೆಗೆ ಬೇಕು. ಅದಕ್ಕೇ ಎಕೋಲಿಂಕ್ ಮೊದಲು ನಿಮ್ಮ ಲೈಸೆನ್ಸಿನ ಪ್ರತಿ ಕೇಳುತ್ತದೆ, ನೋಡಿದ ಮೇಲೆಯೇ ಒಳಗೆ ಬಿಡುತ್ತದೆ. ಡಿಎಂಆರ್ ಅನ್ನುವ ಡಿಜಿಟಲ್ ರೇಡಿಯೊದಲ್ಲಿ ಪ್ರತಿಯೊಬ್ಬರಿಗೂ ಏಳಂಕಿಯ ಒಂದು ನಂಬರು ಬೇಕು. ಅದಕ್ಕೂ ಲೈಸೆನ್ಸ್ ತೋರಿಸಬೇಕು. ನಮ್ಮ ದೇಶದವರ ನಂಬರು 404ರಿಂದ ಶುರುವಾಗುತ್ತದೆ. ಮೊಬೈಲ್ ಜಾಲದಲ್ಲಿ ಭಾರತಕ್ಕೆ ಇರುವ ಗುರುತಿನ ಅಂಕಿಗಳಲ್ಲೂ ಅದು ಒಂದು.

ಇವೆಲ್ಲಕ್ಕಿಂತ ಚಂದದ ವ್ಯವಸ್ಥೆ 'ಲಾಗ್‌ಬುಕ್ ಆಫ್ ದಿ ವರ್ಲ್ಡ್'. ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ 2003ರಲ್ಲಿ ಶುರುಮಾಡಿತು. ಕಾಗದದ ಕಾರ್ಡಿನ ಬದಲು ಇಬ್ಬರೂ ತಮ್ಮ ಲಾಗನ್ನು ಕಂಪ್ಯೂಟರಿನಿಂದ ಕಳುಹಿಸುತ್ತಾರೆ. ಇಬ್ಬರ ಸಾಲೂ ಹೊಂದಿದರೆ ಸಂಪರ್ಕ ನಿಜ ಅಂತಾಯಿತು. 100 ದೇಶ-ಪ್ರದೇಶಗಳ ಜೊತೆ ಮಾತಾಡಿದವರಿಗೆ ಕೊಡುವ ಡಿಎಕ್ಸ್‌ಸಿಸಿ ಗೌರವಕ್ಕೂ ಇದು ನಡೆಯುತ್ತದೆ.

ಇಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಜೊತೆ ಕೀಲಿ ಹುಟ್ಟುತ್ತದೆ. ಒಂದು ನಿಮ್ಮಲ್ಲೇ ಉಳಿಯುವ ಗುಟ್ಟಿನ ಕೀಲಿ. ಇನ್ನೊಂದನ್ನು ಎಆರ್‌ಆರ್‌ಎಲ್‌ಗೆ ಕಳುಹಿಸುತ್ತೀರಿ. ಜೊತೆಗೆ ಲೈಸೆನ್ಸಿನ ಪ್ರತಿ ಮತ್ತು ನಿಮ್ಮ ಹೆಸರಿರುವ ಇನ್ನೊಂದು ದಾಖಲೆ. ಅವರು ಹೆಸರು ತಾಳೆ ನೋಡಿ "ಈ ಕೀಲಿ ಈ ಕಾಲ್‌ಸೈನಿನವರದ್ದೇ" ಅಂತ ಒಂದು ಡಿಜಿಟಲ್ ಸರ್ಟಿಫಿಕೇಟು ಕಳುಹಿಸುತ್ತಾರೆ. ಅಮೆರಿಕದವರಿಗೆ ಬೇರೆ ದಾರಿ ಇದೆ. ಸರಕಾರದ ಪಟ್ಟಿಯಲ್ಲಿರುವ ಅವರ ಮನೆ ವಿಳಾಸಕ್ಕೇ ಒಂದು ಪೋಸ್ಟ್‌ಕಾರ್ಡು ಹೋಗುತ್ತದೆ, ಅದರಲ್ಲಿ ಗುಟ್ಟಿನ ಪದ ಇರುತ್ತದೆ.

ಆಮೇಲೆ ನೀವು ಕಳುಹಿಸುವ ಪ್ರತಿ ಸಾಲಿನ ಮೇಲೂ ಗುಟ್ಟಿನ ಕೀಲಿಯಿಂದ ಒಂದು ಸಹಿ ಬೀಳುತ್ತದೆ. ಇದು ಬ್ಯಾಂಕಿನಲ್ಲಿ ಹಾಕುವ ಸಹಿಯಂಥದ್ದಲ್ಲ. ಬ್ಯಾಂಕಿನ ಸಹಿಯನ್ನು ಜೆರಾಕ್ಸ್ ಮಾಡಿ ಇನ್ನೊಂದು ಕಾಗದಕ್ಕೆ ಅಂಟಿಸಿ ಮೋಸ ಮಾಡಬಹುದು. ಈ ಸಹಿ ಆ ಸಾಲಿನಲ್ಲಿರುವ ಅಕ್ಷರ, ಅಂಕಿಗಳಿಂದಲೇ ಲೆಕ್ಕ ಹಾಕಿ ಬಂದದ್ದು. ಗಂಟೆಯ ಒಂದು ಅಂಕಿ ಬದಲಾದರೂ ಹೊಂದುವುದಿಲ್ಲ. ಸಾಲನ್ನು ಯಾರು ಬೇಕಾದರೂ ಓದಬಹುದು, ಸಹಿ ಸರಿಯೇ ಅಂತ ಎರಡನೇ ಕೀಲಿಯಿಂದ ಪರೀಕ್ಷಿಸಬಹುದು. ಆದರೆ ಗುಟ್ಟಿನ ಕೀಲಿ ಇಲ್ಲದವರು ಆ ಸಹಿ ಹಾಕಲಾರರು. ಇಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಯಾರು ಬರೆದದ್ದು ಅಂತ ಮಾತ್ರ ಖಾತ್ರಿ ಮಾಡುತ್ತದೆ.

ಕೆಲವು ಅನುಭವದ ಮಾತು. ಅರ್ಜಿ ಹಾಕಿದ ಕಂಪ್ಯೂಟರಿನಲ್ಲೇ ಗುಟ್ಟಿನ ಕೀಲಿ ಇರುವುದು. ಸರ್ಟಿಫಿಕೇಟು ಬಂದ ಮೇಲೆ ಅದರಲ್ಲೇ ತೆರೆಯಬೇಕು. ನಾನು ಮೊದಲ ಸಲ ಅರ್ಜಿ ಹಾಕಿದ್ದು ಏಪ್ರಿಲ್ ಕೊನೆಯಲ್ಲಿ. ಮೂರನೇ ದಿನ ಸಂಜೆ ಸಿಡಿಲು ಬಡಿದು ಲ್ಯಾಪ್‌ಟಾಪ್ ಹೋಯಿತು, ಕೀಲಿಯೂ ಹೋಯಿತು. ಬಂದ ಸರ್ಟಿಫಿಕೇಟು ಯಾವ ಉಪಯೋಗಕ್ಕೂ ಬರಲಿಲ್ಲ, ಮತ್ತೆ ಮೊದಲಿಂದ ಅರ್ಜಿ. ನಮ್ಮ ಕರಾವಳಿಯ ಸಿಡಿಲು ನಿಮಗೆ ಗೊತ್ತೇ ಇದೆ. ಬ್ಯಾಕಪ್ ಫೈಲನ್ನು ಅದೇ ದಿನ ಪೆನ್‌ಡ್ರೈವಿಗೆ ಹಾಕಿಡಿ. ಸರ್ಟಿಫಿಕೇಟಿನ ಅವಧಿ ಮೂರು ವರ್ಷ, ಮುಗಿಯುವ ಮೊದಲೇ ನವೀಕರಿಸಿ.

ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ಬರೆಯಿರಿ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಅದು. ಇಬ್ಬರ ಸಮಯದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸಾಲು ಹೊಂದುವುದಿಲ್ಲ. ಬೆಳಗ್ಗೆ ಐದು ಗಂಟೆಗೆ ಮಾತಾಡಿದ್ದಾದರೆ ಯುಟಿಸಿಯಲ್ಲಿ ಅದು ಹಿಂದಿನ ದಿನ, ತಾರೀಕನ್ನೂ ನೋಡಿಕೊಳ್ಳಿ.

ವಿಯು3ರಿಂದ ವಿಯು2 ಆದವರು ಇನ್ನೊಂದು ಗಮನಿಸಬೇಕು. ಹಳೆಯ ಸಂಪರ್ಕಗಳು ಹಳೆಯ ಕಾಲ್‌ಸೈನಿನವು. ಪ್ರತಿ ಸರ್ಟಿಫಿಕೇಟಿಗೂ ಯಾವ ದಿನದಿಂದ ಯಾವ ದಿನದ ತನಕ ಅಂತ ತಾರೀಕು ಇರುತ್ತದೆ. ಆ ತಾರೀಕಿನ ಹೊರಗಿನ ಸಾಲಿಗೆ ಸಹಿ ಹಾಕಲು ಬಿಡುವುದಿಲ್ಲ. ಹಾಗಾಗಿ ಹಳೆಯ ಲೈಸೆನ್ಸಿನ ಪ್ರತಿ ಎಸೆಯಬೇಡಿ.

ಯಾವ ಜಾಲತಾಣಕ್ಕೇ ಆಗಲಿ, ದಾಖಲೆ ಕಳುಹಿಸುವಾಗ ಅಡ್ಡಲಾಗಿ "ಇಂಥ ನೋಂದಣಿಗೆ ಮಾತ್ರ" ಅಂತ ಬರೆದು ತಾರೀಕು ಹಾಕಿ. ಹೆಸರು, ಕಾಲ್‌ಸೈನ್ ಓದುವ ಹಾಗಿರಲಿ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಡ್ರೈವಿಂಗ್ ಲೈಸೆನ್ಸ್ ಸಾಕಾಗುವ ಕಡೆ ಆಧಾರ್ ಯಾಕೆ? ಮತ್ತೆ, ಎಲ್ಲವನ್ನೂ ಹೊರಗಿನ ಸರ್ವರಿನ ಮೇಲೆ ಬಿಡಬೇಡಿ. 2024ರ ಮೇ ತಿಂಗಳಲ್ಲಿ ಎಆರ್‌ಆರ್‌ಎಲ್ ಮೇಲೆ ಸೈಬರ್ ದಾಳಿಯಾಗಿ ಜುಲೈ ತನಕ ಈ ಲಾಗ್‌ಬುಕ್ ನಿಂತಿತ್ತು. ಆಗ ಕೈಯಲ್ಲಿ ಉಳಿದದ್ದು ಅವರವರ ಸ್ವಂತ ಲಾಗ್.

ನಮ್ಮ ಕಡೆಯ ಎಷ್ಟೋ ಜನ ಗಲ್ಫಿನಲ್ಲಿದ್ದಾರೆ. ಅವರಿಗೆ ಒಂದು ಮಾತು: ಇಲ್ಲಿಯ ಲೈಸೆನ್ಸ್ ಇದೆ ಅಂತ ದುಬೈಗೆ ಹ್ಯಾಂಡ್‌ಸೆಟ್ ತೆಗೆದುಕೊಂಡು ಹೋಗಿ ಮಾತಾಡುವ ಹಾಗಿಲ್ಲ. ಅಲ್ಲಿಯ ಅನುಮತಿ ಬೇಕು, ಅಲ್ಲಿಯ ಸ್ಟೇಷನ್‌ಗಳ ಕಾಲ್‌ಸೈನ್ ಎ6 ಅಂತ ಶುರುವಾಗುತ್ತದೆ. ಅಲ್ಲಿ ಅನುಮತಿ ಕೇಳುವಾಗಲೂ ಊರಿನ ಲೈಸೆನ್ಸಿನ ಮೇಲಿನ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಒಂದೇ ಇದ್ದರೆ ಅರ್ಧ ಕೆಲಸ ಆದಂತೆ.

ಇಟಲಿಯ ಆ ಕಾರ್ಡಿನ ಕಥೆಗೆ ಬರುತ್ತೇನೆ. "ನನ್ನ ಲಾಗ್‌ನಲ್ಲಿ ಇಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ" ಅಂತ ಮರ್ಯಾದೆಯಿಂದ ಇಮೇಲ್ ಬರೆದೆ. ಎರಡು ವಾರಕ್ಕೆ ಉತ್ತರ ಬಂತು. ಅವರು ಆ ಸಾಲನ್ನು ಲಾಗ್‌ಬುಕ್‌ಗೆ ಹಾಕಿದ್ದರಂತೆ, ಯಾರ ಜೊತೆಗೂ ಹೊಂದಿರಲಿಲ್ಲ. ನನ್ನ ಪತ್ರ ನೋಡಿದ ಮೇಲೆ ಕಾಲ್‌ಸೈನಿನ ಕೊನೆಯ ಅಕ್ಷರವನ್ನು 'ಎಚ್' ಬದಲು 'ಎಸ್' ಮಾಡಿ ಮತ್ತೆ ಕಳುಹಿಸಿದರು. ಅದೇ ದಿನ ಇನ್ನೊಬ್ಬ ಭಾರತೀಯರ ಸಾಲಿನ ಜೊತೆ ಹೊಂದಿತು. ಒಂದು ಚುಕ್ಕಿಯ ವ್ಯತ್ಯಾಸ ಅಷ್ಟೇ, ಕಳ್ಳತನ ಏನೂ ಇರಲಿಲ್ಲ.

ಕಾರ್ಡು ಅಷ್ಟು ಹೊತ್ತಿಗೆ ಚೆನ್ನಾಗಿ ಒಣಗಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊರಗೆ ಸರಿಯಾದ ಕಾಲ್‌ಸೈನ್ ಬರೆದು, ಅದರ ನಿಜವಾದ ಒಡೆಯರಿಗೆ ಅಂಚೆಯಲ್ಲಿ ಕಳುಹಿಸಿದೆ.